ರಸೀದಿ ಇಲ್ಲದ 180 ದಿನ

2022ರ ನವೆಂಬರ್ 10, ಗುರುವಾರ. ಟೆಕ್ಸಸ್‌ನಲ್ಲಿ ಜಿಂಕೆ ಬೇಟೆಯ ಹಂಗಾಮು ಶುರುವಾಗಿ ಐದು ದಿನ ಆಗಿತ್ತು. ಬೆಳಿಗ್ಗೆ ನನ್ನ ಕೋವಿ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಮೂರು ಪಿಕಪ್ ಟ್ರಕ್ಕುಗಳು ಕಾಯುತ್ತಾ ನಿಂತಿದ್ದವು. ಮೊದಲು ಒಳಗೆ ಬಂದವರು ಹತ್ತಿರದ ಒಬ್ಬ ದನ ಸಾಕುವ ಮುದುಕರು. ರಿಪೇರಿಗೆ ಬಿಟ್ಟಿದ್ದ ರೈಫಲ್ ತೆಗೆದುಕೊಂಡರು, ಎರಡು ಡಬ್ಬಿ ತೋಟೆ ತೆಗೆದುಕೊಂಡರು, ಕಾರ್ಡ್ ಕೊಟ್ಟರು. ಕಾರ್ಡ್ ಯಂತ್ರ ಅದನ್ನು ತೆಗೆದುಕೊಳ್ಳಲಿಲ್ಲ. ನೆಟ್‌ವರ್ಕ್ ಇರಲಿಕ್ಕಿಲ್ಲ ಅಂದುಕೊಂಡು ಆರಿಸಿ ಹಚ್ಚಿದೆ. ಅವರು ಇನ್ನೊಂದು ಕಾರ್ಡ್ ಕೊಟ್ಟರು, ಅದೂ ಇಲ್ಲ. ಆಮೇಲೆ ಪರದೆಯನ್ನು ಸರಿಯಾಗಿ ಓದಿದೆ. ತೊಂದರೆ ಅವರ ಕಾರ್ಡಿನದ್ದಲ್ಲ, ನನ್ನ ಖಾತೆಯದ್ದು.

ಫೋನ್ ತೆಗೆದು ನೋಡಿದರೆ ಕಾರ್ಡ್ ಯಂತ್ರ ಕೊಟ್ಟ ಕಂಪನಿಯಿಂದ ನಸುಕಿನಲ್ಲೇ ಮೇಲ್ ಬಂದಿತ್ತು. ನಾಲ್ಕು ಸಾಲು. ನಿಮ್ಮ ಖಾತೆಯನ್ನು ಪರಿಶೀಲಿಸಿದ್ದೇವೆ, ನಿಮ್ಮ ವ್ಯಾಪಾರ ನಮ್ಮ ಸೇವಾ ನಿಯಮಗಳಿಗೆ ಹೊಂದುವುದಿಲ್ಲ, ಖಾತೆ ಮುಚ್ಚಲಾಗಿದೆ, ಬಾಕಿ ಇರುವ ಹಣವನ್ನು 180 ದಿನಗಳವರೆಗೆ ತಡೆಹಿಡಿಯಲಾಗುವುದು. ಬಾಕಿ ಇದ್ದದ್ದು 11,640 ಡಾಲರ್. ಹಂಗಾಮಿನ ಮೊದಲ ವಾರದ ಪೂರಾ ವ್ಯಾಪಾರ.

ನಾನು ತೀರ್ಥಹಳ್ಳಿ ಕಡೆಯವನು. ಈಗ ಟೆಕ್ಸಸ್‌ನಲ್ಲಿ, ಸ್ಯಾನ್ ಆಂಟೋನಿಯೊದ ವಾಯುವ್ಯಕ್ಕೆ ಹಿಲ್ ಕಂಟ್ರಿ ಅಂತ ಕರೆಯುವ ಗುಡ್ಡಸಾಲಿನ ಒಂದು ಪುಟ್ಟ ಊರಲ್ಲಿ ನನ್ನದೊಂದು ಕೋವಿ ಅಂಗಡಿ ಇದೆ. ಅಮೆರಿಕಕ್ಕೆ ಬಂದದ್ದು 1999ರಲ್ಲಿ, ಮೆಕ್ಯಾನಿಕಲ್ ಇಂಜಿನಿಯರ್ ಆಗಿ. ಇಪ್ಪತ್ತು ವರ್ಷ ಲೇತ್, ಮಿಲ್ಲಿಂಗ್ ಯಂತ್ರಗಳ ಜೊತೆಗೇ ಕಳೆದೆ. ಕೆಲಸ ಹೋದಾಗ ಕೈಗೆ ಗೊತ್ತಿದ್ದ ವಿದ್ಯೆಯನ್ನೇ ನೆಚ್ಚಿಕೊಂಡೆ. ಅಜ್ಜನ ಕಾಲದ ಶಾಟ್‌ಗನ್ನಿಗೆ ಬಿಡಿಭಾಗ ಸಿಗದೆ ಒದ್ದಾಡುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಸವೆದ ಫೈರಿಂಗ್ ಪಿನ್, ಸೋತ ಸ್ಪ್ರಿಂಗು, ಸೀಳಿದ ಮರದ ಹಿಡಿ ಇವನ್ನು ಹೊಸದಾಗಿ ಮಾಡಿ ಕೂರಿಸುವುದು ನನ್ನ ಮುಖ್ಯ ಕೆಲಸ. ಜೊತೆಗೆ ಒಂದಿಷ್ಟು ಹೊಸ ರೈಫಲ್, ಶಾಟ್‌ಗನ್, ತೋಟೆ, ಕಿವಿಗೆ ಹಾಕುವ ರಕ್ಷಣೆ, ಬೀಗದ ಪೆಟ್ಟಿಗೆಗಳ ಮಾರಾಟ.

ಊರಿನಿಂದ ಬಂದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ನನಗೆ ಹಾಗಲ್ಲ. ನಮ್ಮ ಮನೆಯ ಜಗಲಿ ಪಕ್ಕದ ಕೋಣೆಯಲ್ಲಿ ಒಂದು ಒಂಟಿನಳಿಗೆ ಕೋವಿ ಯಾವಾಗಲೂ ಇತ್ತು, ಬೆಳೆ ರಕ್ಷಣೆಯ ಲೈಸೆನ್ಸಿನದ್ದು. ಅಪ್ಪಯ್ಯ ಅದನ್ನು ಹೊಡೆದದ್ದೆಲ್ಲ ಆಕಾಶಕ್ಕೆ. ಗದ್ದೆಗೆ ಹಂದಿ ಇಳಿದಾಗ, ತೋಟಕ್ಕೆ ಮಂಗನ ಹಿಂಡು ನುಗ್ಗಿದಾಗ ಒಂದು ಈಡು. ಇಲ್ಲಿಗೆ ಬಂದು ನೋಡಿದರೆ ಟೆಕ್ಸಸ್ ರೈತರ ಗೋಳೂ ಹಂದಿಯದ್ದೇ. ಸಾಕಿದ ಹಂದಿಗಳು ಕಾಡು ಸೇರಿ ಬೆಳೆದ ಸಂತತಿ, ಒಂದು ರಾತ್ರಿಯಲ್ಲಿ ಹುಲ್ಲುಗಾವಲನ್ನು ನೇಗಿಲು ಹೊಡೆದ ಹಾಗೆ ಮಾಡಿಬಿಡುತ್ತವೆ. 2019ರಿಂದ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆ ಇದ್ದರೆ, ಅವನ್ನು ಹೊಡೆಯಲು ಬೇಟೆಯ ಲೈಸೆನ್ಸೂ ಬೇಡ. ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಮಾತು ಶುರು ಮಾಡುವುದೇ ಹಂದಿಯಿಂದ.

ಅಂಗಡಿ ತೆರೆಯುವ ಮೊದಲು ಸರ್ಕಾರ ನನ್ನನ್ನು ಹೇಗೆ ನೋಡಿತು ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಕೋವಿ ವ್ಯಾಪಾರಕ್ಕೆ ಒಕ್ಕೂಟ ಸರ್ಕಾರದ ಲೈಸೆನ್ಸ್ ಬೇಕು, ಅದನ್ನು ಕೊಡುವುದು ಎಟಿಎಫ್ ಎಂಬ ಇಲಾಖೆ. ಮೂರು ವರ್ಷಕ್ಕೆ 200 ಡಾಲರ್ ಶುಲ್ಕ. ಅರ್ಜಿಯ ಜೊತೆ ಭಾವಚಿತ್ರ, ಹತ್ತೂ ಬೆರಳಿನ ಗುರುತು. ಅರ್ಜಿಯ ಒಂದು ಪ್ರತಿ ಸ್ಥಳೀಯ ಪೊಲೀಸ್ ಮುಖ್ಯಸ್ಥರಿಗೆ. ಆಮೇಲೆ ಇಲಾಖೆಯ ತನಿಖಾಧಿಕಾರಿಯೊಬ್ಬರು ಖುದ್ದಾಗಿ ಬಂದು ಎರಡೂವರೆ ಗಂಟೆ ಕೂತರು. ಕೋವಿಗಳನ್ನು ಎಲ್ಲಿ ಇಡುತ್ತೀರಿ, ರಾತ್ರಿ ಬೀಗದ ಕೈ ಯಾರ ಹತ್ತಿರ, ಬಂಡವಾಳ ಎಲ್ಲಿಂದ ಬಂತು, ಬೇರೆಯವರ ಹೆಸರಲ್ಲಿ ಕೊಳ್ಳಲು ಬಂದವನನ್ನು ಹೇಗೆ ಗುರುತಿಸುತ್ತೀರಿ. ಪ್ರತಿ ಪ್ರಶ್ನೆಯೂ ನ್ಯಾಯವಾದದ್ದೇ. ನನಗೆ ಅವರ ಮೇಲೆ ಗೌರವ ಬಂತು.

ಲೈಸೆನ್ಸ್ ಬಂದ ಮೇಲೆ ದಿನದಿನದ ಶಿಸ್ತು ಬೇರೆ. ಒಳಗೆ ಬಂದ ಪ್ರತಿ ಕೋವಿಯ ಸೀರಿಯಲ್ ನಂಬರನ್ನೂ ಮರುದಿನದ ವ್ಯವಹಾರ ಮುಗಿಯುವುದರೊಳಗೆ ಬೌಂಡ್ ಬುಕ್ ಎಂಬ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಕೊಳ್ಳುವವರು 4473 ಎಂಬ ನಮೂನೆ ತುಂಬಬೇಕು, ಅದರಲ್ಲಿ ಸುಳ್ಳು ಬರೆದರೆ ಜೈಲು. ಅವರ ವಿವರ ಎಫ್‌ಬಿಐಗೆ ಹೋಗಿ ತಪಾಸಣೆ ಆಗಬೇಕು, 1998ರಿಂದ ಇರುವ ಪದ್ಧತಿ ಅದು. ಕೊಡಬಹುದು, ಕೊಡಬಾರದು, ಅಥವಾ ಕಾಯಿರಿ ಎಂದು ಅಲ್ಲಿಂದ ಉತ್ತರ ಬರುತ್ತದೆ. ಆನ್‌ಲೈನಿನಲ್ಲಿ ನನ್ನಿಂದ ಕೊಂಡವರಿಗೂ ಕೋವಿ ಮನೆಗೆ ಹೋಗುವುದಿಲ್ಲ. ಅವರ ಊರಿನ ಲೈಸೆನ್ಸ್‌ದಾರ ಅಂಗಡಿಗೆ ಹೋಗಿ, ಅಲ್ಲಿ ಇದೇ ತಪಾಸಣೆ ಆದ ಮೇಲೆ ಕೈಗೆ ಸಿಗುತ್ತದೆ.

ಇಷ್ಟೆಲ್ಲ ದಾಟಿ ಬಂದ ಮೇಲೆ ಕಾರ್ಡ್ ಯಂತ್ರ ಹಾಕಿಸಿಕೊಳ್ಳುವುದು ಹತ್ತು ನಿಮಿಷದ ಕೆಲಸವಾಗಿತ್ತು. 2022ರ ಜೂನ್‌ನಲ್ಲಿ ಫೋನಿನಲ್ಲೇ ಹೆಸರು, ತೆರಿಗೆ ಸಂಖ್ಯೆ, ಬ್ಯಾಂಕ್ ಖಾತೆ ತುಂಬಿದೆ. ಯಾವ ಬಗೆಯ ವ್ಯಾಪಾರ ಎಂದು ಕೇಳಿದಲ್ಲಿ ಕೋವಿ ಅಂಗಡಿ ಅನ್ನುವ ಆಯ್ಕೆಯೇ ಇರಲಿಲ್ಲ. ಆಗ ಕಾರ್ಡ್ ಲೋಕದಲ್ಲಿ ನಮ್ಮಂಥ ಅಂಗಡಿಗಳಿಗೆ, ವ್ಯಾಪಾರದ ಬಗೆ ತಿಳಿಸುವ ಪ್ರತ್ಯೇಕ ಸಂಕೇತ ಸಂಖ್ಯೆ ಇರಲಿಲ್ಲ, ಕ್ರೀಡಾ ಸಾಮಗ್ರಿ ಅಥವಾ ಇತರೆ ಎಂಬುದರಡಿಯಲ್ಲೇ ಎಲ್ಲರೂ ಇದ್ದದ್ದು. ಕ್ರೀಡಾ ಸಾಮಗ್ರಿ ಎಂದು ಒತ್ತಿದೆ. ಸೇವಾ ನಿಯಮಗಳ ಉದ್ದನೆಯ ಪುಟವನ್ನು ಓದದೆ ಒಪ್ಪಿದೆ. ನಿಷಿದ್ಧ ವ್ಯಾಪಾರಗಳ ಪಟ್ಟಿ ಅದರೊಳಗೆ ಇತ್ತು, ಅದರಲ್ಲಿ ಕೋವಿ ಮತ್ತು ತೋಟೆಯೂ ಇದ್ದವು. ಆ ತಪ್ಪು ನನ್ನದು.

ಖಾತೆ ಮುಚ್ಚಿದ ಮೇಲೆ ಇದರ ಒಳಗುಟ್ಟು ಕಲಿತೆ. ಕಾರ್ಡ್ ಉಜ್ಜಿದ ಹಣ ನೇರವಾಗಿ ನಮ್ಮ ಬ್ಯಾಂಕಿಗೆ ಬರುವುದಿಲ್ಲ. ನಡುವೆ ಯಂತ್ರ ಕೊಟ್ಟ ಕಂಪನಿ, ಅದರ ಬೆನ್ನ ಹಿಂದೆ ಒಂದು ಬ್ಯಾಂಕು, ಆಚೆಗೆ ಕಾರ್ಡ್ ಜಾಲ, ಕೊನೆಗೆ ಗಿರಾಕಿಯ ಬ್ಯಾಂಕು. ಹತ್ತು ನಿಮಿಷದಲ್ಲಿ ಖಾತೆ ಕೊಡುವ ಕಂಪನಿಗಳು ತಮ್ಮ ಒಂದೇ ದೊಡ್ಡ ಖಾತೆಯ ಕೆಳಗೆ ಲಕ್ಷಾಂತರ ಸಣ್ಣ ವ್ಯಾಪಾರಿಗಳನ್ನು ಕೂರಿಸಿಕೊಳ್ಳುತ್ತವೆ. ಸೇರಿಸಿಕೊಳ್ಳುವಾಗ ಹೆಚ್ಚೇನೂ ಕೇಳುವುದಿಲ್ಲ. ಪರಿಶೀಲನೆ ಆಮೇಲೆ, ತಂತ್ರಾಂಶದ ಮೂಲಕ. ವ್ಯಾಪಾರ ಇದ್ದಕ್ಕಿದ್ದಂತೆ ಏರಿದರೆ, ಮಾರಾಟದ ವಿವರದಲ್ಲಿ ಯಾವುದೋ ಪದ ಸಿಕ್ಕರೆ ಕೆಂಪು ದೀಪ ಹತ್ತುತ್ತದೆ. ಹಂಗಾಮಿನ ಮೊದಲ ಶನಿವಾರ ನನ್ನ ವ್ಯಾಪಾರ ಎಂಟು ಪಟ್ಟು ಏರಿತ್ತು. ಬಾಗಿಲಲ್ಲಿ ಯಾರೂ ತಡೆಯದೆ ಒಳಗೆ ಕರೆದು, ಊಟಕ್ಕೆ ಕೂತ ಮೇಲೆ ಎಬ್ಬಿಸಿ ಕಳಿಸುವ ಪದ್ಧತಿ ಇದು. ನನಗೆ ಬಹಳ ನೋವು ಮಾಡಿದ್ದು ಈ ಭಾಗ.

ಹಣ ಹಿಡಿದಿಡಲು ಕಾರಣವೂ ಇದೆ, ಅದನ್ನೂ ಹೇಳುತ್ತೇನೆ. ಗಿರಾಕಿ ಆ ಖರೀದಿ ನನ್ನದಲ್ಲ ಎಂದು ತಿಂಗಳುಗಳ ನಂತರವೂ ತಕರಾರು ಹಾಕಬಹುದು. ಅಂಗಡಿಯವನು ಅಷ್ಟರಲ್ಲಿ ಕಾಣೆಯಾಗಿದ್ದರೆ ನಷ್ಟ ಕಂಪನಿಯದ್ದು. ಅದಕ್ಕೇ ಆರು ತಿಂಗಳ ತಡೆ. ನನ್ನ ಖಾತೆಯಲ್ಲಿ ಅಲ್ಲಿಯವರೆಗೆ ಒಂದೇ ಒಂದು ತಕರಾರೂ ಬಂದಿರಲಿಲ್ಲ.

ಅವತ್ತು ಸಂಜೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಕಾದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ತುಂಬ ಮರ್ಯಾದೆಯಿಂದ ಮಾತಾಡಿದಳು. ಯಾವ ವಸ್ತು, ಯಾವ ದಿನದ ಮಾರಾಟ ಎಂದು ಕೇಳಿದರೆ, ನನ್ನ ಪರದೆಯಲ್ಲಿ ಅದು ಕಾಣುವುದಿಲ್ಲ ಅಂದಳು. ಕಾಣುವವರು ಯಾರು? ಆ ವಿಭಾಗಕ್ಕೆ ಫೋನ್ ಇಲ್ಲ. ಲೈಸೆನ್ಸಿನ ಪ್ರತಿ ಕಳಿಸುತ್ತೇನೆ ಅಂದೆ. ಕಳಿಸಬಹುದು, ನಿರ್ಧಾರ ಅಂತಿಮ ಅಂದಳು. ಕಳಿಸಿದೆ. ಮೊದಲು ಬಂದ ನಾಲ್ಕು ಸಾಲುಗಳೇ ಇನ್ನೊಮ್ಮೆ ಬಂದವು.

ಎರಡು ದಿನ ಬಿಟ್ಟು ನನ್ನ ಹೆಂಡತಿಯ ಖಾತೆಯೂ ಮುಚ್ಚಿತು. ಅವಳು ಮನೆಯಿಂದ ಮಕ್ಕಳಿಗೆ ಆನ್‌ಲೈನಿನಲ್ಲಿ ಸಂಗೀತ ಹೇಳಿಕೊಡುತ್ತಾಳೆ, ಹನ್ನೊಂದು ಮಕ್ಕಳು. ಫೀಸು ಬರುತ್ತಿದ್ದದ್ದು ಅದೇ ಕಂಪನಿಯ ಮೂಲಕ, ನಮ್ಮಿಬ್ಬರ ಜಂಟಿ ಬ್ಯಾಂಕ್ ಖಾತೆಗೆ. ಖಾತೆ ಒಂದೇ ಆದ್ದರಿಂದ ಅವಳೂ ನಿಷಿದ್ಧಳಾದಳು. ಸರಳೆ ವರಸೆ ಕಲಿಸುವುದು ಯಾವ ಪಟ್ಟಿಯಲ್ಲಿ ಇದೆ ಎಂದು ಅವಳು ಬರೆದು ಕೇಳಿದಳು. ಅದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ. ಮಕ್ಕಳ ತಾಯಂದಿರಿಗೆ ವಿಷಯ ವಿವರಿಸುವಾಗ ಅವಳ ದನಿ ನಡುಗಿತ್ತು. ಏನೋ ತಪ್ಪು ಮಾಡಿದವರ ಹಾಗೆ ನಾವು ಮಾತಾಡಬೇಕಾಯಿತು.

ಆ ದಿನಗಳಲ್ಲಿ ರಾತ್ರಿ ಕೂತು ಹಳೆಯದನ್ನೆಲ್ಲ ಓದುತ್ತಾ ಹೋದೆ. ಇದು ನನ್ನೊಬ್ಬನ ಕಥೆಯಲ್ಲ ಎಂದು ತಿಳಿಯುತ್ತಾ ಬಂತು. 2011ರಲ್ಲಿ ಬ್ಯಾಂಕ್ ಠೇವಣಿಗಳಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಐಸಿ, ಹೆಚ್ಚು ಅಪಾಯದ ವ್ಯಾಪಾರಗಳೆಂದು ಒಂದು ಪಟ್ಟಿ ಪ್ರಕಟಿಸಿತ್ತು. ಅದರಲ್ಲಿ ಲಾಟರಿ, ತಂಬಾಕು, ಪಟಾಕಿ, ನಾಣ್ಯ ವ್ಯಾಪಾರಿಗಳು, ಅಶ್ಲೀಲ ಚಿತ್ರ, ಮೋಸದ ಹಣ ದುಪ್ಪಟ್ಟು ಯೋಜನೆ ಇವುಗಳ ನಡುವೆ ಕೋವಿ ಮತ್ತು ತೋಟೆಯೂ ಇದ್ದವು. ಕಾನೂನುಬದ್ಧವಾದದ್ದೂ ಶುದ್ಧ ವಂಚನೆಯೂ ಒಂದೇ ಸಾಲಿನಲ್ಲಿ. 2013ರಲ್ಲಿ ನ್ಯಾಯ ಇಲಾಖೆ ಆಪರೇಷನ್ ಚೋಕ್ ಪಾಯಿಂಟ್ ಶುರು ಮಾಡಿತು. ವಂಚಕರಿಗೆ ಹಣದ ದಾರಿ ಕಟ್ಟಬೇಕು ಅನ್ನುವುದು ಉದ್ದೇಶ. ಬ್ಯಾಂಕುಗಳು ಹೆದರಿ, ಪಟ್ಟಿಯಲ್ಲಿ ಇದ್ದವರನ್ನೆಲ್ಲ ದೂರ ಇಡುತ್ತಿವೆ ಎಂಬ ದೂರು ಎದ್ದಿತು. 2014ರಲ್ಲಿ ಆ ಪಟ್ಟಿಯನ್ನು ಹಿಂತೆಗೆದರು, 2017ರಲ್ಲಿ ಕಾರ್ಯಾಚರಣೆಯೇ ಮುಗಿಯಿತೆಂದು ಸರ್ಕಾರ ಹೇಳಿತು. ಅಷ್ಟರಲ್ಲಿ ಖಾಸಗಿ ಕಂಪನಿಗಳ ಸೇವಾ ನಿಯಮಗಳಲ್ಲಿ ಅಂಥ ಪಟ್ಟಿ ಬೇರೂರಿತ್ತು. ಸರ್ಕಾರದ ಪಟ್ಟಿಯಾದರೆ ಸಂಸತ್ತಿನಲ್ಲಿ ಪ್ರಶ್ನೆ ಕೇಳಬಹುದು. ಖಾಸಗಿ ನಿಯಮಕ್ಕೆ ಸಹಿ ಹಾಕಿದವರು ನಾವೇ.

2018ರ ಫೆಬ್ರವರಿಯಲ್ಲಿ ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತ ಮೇಲೆ ದೊಡ್ಡ ಬ್ಯಾಂಕುಗಳು ಬಹಿರಂಗವಾಗಿಯೇ ನಿಲುವು ತಳೆದವು. ಸಿಟಿ ಬ್ಯಾಂಕಿನ ಮಾತೃಸಂಸ್ಥೆ ತನ್ನ ಗಿರಾಕಿ ಅಂಗಡಿಗಳಿಗೆ ಷರತ್ತು ಹಾಕಿತು, ಬ್ಯಾಂಕ್ ಆಫ್ ಅಮೆರಿಕ ಸೈನ್ಯದ ಮಾದರಿಯ ರೈಫಲ್ ತಯಾರಕರಿಗೆ ಸಾಲ ನಿಲ್ಲಿಸುವುದಾಗಿ ಹೇಳಿತು. ಒಪ್ಪಿ, ಬಿಡಿ, ಅವರು ಹೇಳಿ ಮಾಡಿದರು. ಟೆಕ್ಸಸ್ ಇದಕ್ಕೆ ಉತ್ತರವಾಗಿ, ಕೋವಿ ಉದ್ಯಮಕ್ಕೆ ಭೇದ ಮಾಡುವ ಕಂಪನಿಗಳ ಜೊತೆ ಸರ್ಕಾರಿ ಗುತ್ತಿಗೆ ಬೇಡ ಎಂದು 2021ರಲ್ಲಿ ಕಾನೂನು ತಂದಿತು. ಅದು ದೊಡ್ಡ ಬ್ಯಾಂಕುಗಳ ಸರ್ಕಾರಿ ಬಾಂಡ್ ವ್ಯವಹಾರಕ್ಕೆ ತಟ್ಟಿತು. ನನ್ನಂಥವನ ಕಾರ್ಡ್ ಯಂತ್ರದವರೆಗೆ ಅದು ತಲುಪಲಿಲ್ಲ. ನನ್ನ ಖಾತೆ ಮುಚ್ಚುವ ಎರಡು ತಿಂಗಳ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಕೋವಿ ಅಂಗಡಿಗಳಿಗೆ 5723 ಎಂಬ ಪ್ರತ್ಯೇಕ ಸಂಕೇತಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಒಪ್ಪಿಗೆ ಕೊಟ್ಟಿತ್ತು. 2023ರ ಮಾರ್ಚಿನಲ್ಲಿ ಕಾರ್ಡ್ ಕಂಪನಿಗಳು ಅದನ್ನು ಜಾರಿ ಮಾಡುವುದನ್ನು ಸದ್ಯಕ್ಕೆ ನಿಲ್ಲಿಸಿದವು, ಅದೇ ವರ್ಷ ಟೆಕ್ಸಸ್ ಆ ಸಂಕೇತ ಬಳಸಬಾರದು ಅಂದಿತು. ಕ್ಯಾಲಿಫೋರ್ನಿಯಾ 2025ರ ಮೇ ತಿಂಗಳಿಂದ ಬಳಸಲೇಬೇಕು ಅಂದಿತು. 2025ರ ಆಗಸ್ಟಿನಲ್ಲಿ ಅಧ್ಯಕ್ಷರು, ಕಾನೂನುಬದ್ಧ ವ್ಯಾಪಾರಕ್ಕೆ ಬ್ಯಾಂಕುಗಳು ಸೇವೆ ನಿರಾಕರಿಸಬಾರದು ಎಂಬ ಅರ್ಥದ ಆದೇಶ ಹೊರಡಿಸಿದರು. ಇಷ್ಟು ಎಳೆದಾಟದ ನಡುವೆ ಅಂಗಡಿಯ ಗಲ್ಲೆಯ ಮುಂದೆ ನಿಂತವನಿಗೆ ನಾಳೆ ಯಂತ್ರ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆ.

ಇನ್ನೊಂದು ಮಾತನ್ನು ಬಿಟ್ಟು ಹೋಗಲಾರೆ. ಯುವಾಲ್ಡಿ ನಮ್ಮ ಊರಿಂದ ಒಂದೂವರೆ ಗಂಟೆಯೊಳಗಿನ ದಾರಿ. 2022ರ ಮೇ 24ರಂದು ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಕೊಂದವನಿಗೆ 18 ತುಂಬಿ ಕೆಲವೇ ದಿನ ಆಗಿತ್ತು, ಎರಡು ರೈಫಲ್‌ಗಳನ್ನು ಕಾನೂನುಬದ್ಧವಾಗಿಯೇ ಕೊಂಡಿದ್ದ. ನನ್ನಂಥದೇ ಲೈಸೆನ್ಸ್, ನಾನು ತುಂಬಿಸುವ ಅದೇ ನಮೂನೆ, ಅದೇ ತಪಾಸಣೆ. ಮೂರು ದಿನ ಅಂಗಡಿ ಮುಚ್ಚಿದೆ. ಮತ್ತೆ ತೆರೆದಾಗ ಬಾಗಿಲ ಮೇಲೆ ಒಂದು ಫಲಕ ಹಾಕಿದೆ: ಇಪ್ಪತ್ತೊಂದು ತುಂಬದವರಿಗೆ ಇಲ್ಲಿ ಅರೆ ಸ್ವಯಂಚಾಲಿತ ರೈಫಲ್ ಮಾರುವುದಿಲ್ಲ. ಒಕ್ಕೂಟದ ಕಾನೂನು ಉದ್ದ ನಳಿಗೆಯ ಕೋವಿಗೆ 18 ಸಾಕು ಅನ್ನುತ್ತದೆ. ನಾನು ಸಾಲದು ಅಂದೆ. ಅದರಿಂದ ಕೆಲವು ಗಿರಾಕಿಗಳು ಹೋದರು, ಒಬ್ಬ ತಂದೆ ಮಗನ ಎದುರೇ ನನ್ನನ್ನು ಬೈದು ಹೋದ.

ಹಾಗಾಗಿ ನಿರಾಕರಿಸುವ ಹಕ್ಕೇ ಯಾರಿಗೂ ಇರಬಾರದು ಎಂದು ನಾನು ಹೇಳಲಾರೆ, ನಾನೇ ನಿರಾಕರಿಸುತ್ತೇನೆ. ಆ ತಂದೆಗೆ ನನ್ನ ಮುಖ ಗೊತ್ತು. ಒಳಗೆ ಕಾಲಿಡುವ ಮೊದಲೇ ಫಲಕ ಓದಬಹುದು. ಅವನ ದುಡ್ಡನ್ನು ತೆಗೆದುಕೊಂಡು ಆಮೇಲೆ ಇಲ್ಲ ಅನ್ನಲಿಲ್ಲ. ಯಾಕೆ ಅಂದರೆ ಕಾರಣ ಹೇಳಿದೆ, ಅವನು ಕೂಗಾಡಿದ್ದನ್ನು ನಿಂತು ಕೇಳಿಸಿಕೊಂಡೆ. ಅರ್ಧ ಮೈಲಿ ದೂರದಲ್ಲಿ ಇನ್ನೊಂದು ಅಂಗಡಿ ಇದೆ. ಕಾರ್ಡ್ ಜಾಲಕ್ಕೆ ಬದಲಿ ಅರ್ಧ ಮೈಲಿ ದೂರದಲ್ಲಿ ಸಿಗುವುದಿಲ್ಲ. 2010ರ ಡಿಸೆಂಬರಿನಲ್ಲಿ, ಗುಪ್ತ ದಾಖಲೆಗಳನ್ನು ಬಯಲು ಮಾಡುವ ವಿಕಿಲೀಕ್ಸ್‌ಗೆ ದೇಣಿಗೆ ಹೋಗುವ ದಾರಿಯನ್ನು ಇದೇ ಜಾಲಗಳು ಕೆಲವೇ ದಿನಗಳಲ್ಲಿ ಮುಚ್ಚಿದ್ದವು. ಆಗ ನನಗೆ ಅದು ದೂರದ ಸುದ್ದಿಯಾಗಿತ್ತು.

ಮುಂದಿನ ಮೂರು ತಿಂಗಳು ಹೇಗೆ ದಾಟಿದೆವು ಅನ್ನುವುದು ನಮ್ಮ ಊರಿನ ಜನರ ಒಳ್ಳೆಯತನ. ಆ ಗುರುವಾರದ ಮುದುಕರು ಮಧ್ಯಾಹ್ನವೇ ವಾಪಸ್ ಬಂದರು, ದನದ ಹಿಂಡಿ ಅಂಗಡಿಯ ಲಕೋಟೆಯಲ್ಲಿ ನಗದು ತುಂಬಿಕೊಂಡು. ಬೆಲೆಯನ್ನು ಎರಡು ಸಲ ಎಣಿಸಿ ಮೇಜಿನ ಮೇಲೆ ಇಟ್ಟರು. ಬಾಗಿಲಿಗೆ ಚೆಕ್ ಮತ್ತು ನಗದು ಮಾತ್ರ ಎಂದು ಕಾಗದ ಅಂಟಿಸಿದೆ. ರಿಪೇರಿ ಕೆಲಸ ನಿಲ್ಲಲಿಲ್ಲ. ಹೊಸ ಮಾಲಿನ ಮಾರಾಟ ನಿಂತೇ ಹೋಯಿತು. ಸರಬರಾಜುದಾರರ ಬಿಲ್ಲಿಗೆ ಮೂವತ್ತು ದಿನದ ಗಡುವು, ಅದನ್ನು ಹೆಂಡತಿಯ ಉಳಿತಾಯದಿಂದ ಕಟ್ಟಿದೆವು.

ಬೇರೆ ಕಂಪನಿಗಳ ಕಾರ್ಡ್ ಯಂತ್ರಕ್ಕೆ ಪ್ರಯತ್ನಿಸಿದೆ. ಎರಡನೇ ಕಂಪನಿಯ ಏಜೆಂಟ್, ಕೋವಿ ಅಂಗಡಿಯೇ, ಏನೂ ತೊಂದರೆ ಇಲ್ಲ ಅಂದ. ಎರಡು ವಾರ ಕಾಗದ ಪತ್ರ ಕಳಿಸಿದ್ದಾಯಿತು. ಕೊನೆಗೆ ಅವರ ಹಿಂದಿನ ಬ್ಯಾಂಕು ಒಪ್ಪಲಿಲ್ಲ ಎಂದು ಒಂದು ಸಾಲು. ನಿದ್ದೆ ಕೆಟ್ಟದ್ದು ಆಗ. ಮಾಸ್ಟರ್‌ಕಾರ್ಡ್ ನಡೆಸುವ ಮ್ಯಾಚ್ ಎಂಬ ಪಟ್ಟಿಯೊಂದಿದೆ. ಖಾತೆ ರದ್ದಾದ ವ್ಯಾಪಾರಿಗಳ ಹೆಸರು ಅದರಲ್ಲಿ ಸೇರಿದರೆ 5 ವರ್ಷ ಉಳಿಯುತ್ತದೆ, ಅಲ್ಲಿಯವರೆಗೆ ಬೇರೆ ಯಾರೂ ಖಾತೆ ಕೊಡಲು ಮುಂದೆ ಬರುವುದು ಕಷ್ಟ. ನನ್ನ ಹೆಸರು ಅಲ್ಲಿ ಸೇರಿತೇ?

ಸೇರಿರಲಿಲ್ಲ. ಅದನ್ನು ಹೇಳಿದವರು ಮೂರನೆಯವರು, ಕೋವಿ ವ್ಯಾಪಾರಕ್ಕೆಂದೇ ಸೇವೆ ಕೊಡುವ ಒಂದು ಸಣ್ಣ ಕಂಪನಿ. ಜನವರಿಯ ಒಂದು ಮಧ್ಯಾಹ್ನ ಅವರ ಪರಿಶೀಲಕಿ ಫೋನ್ ಮಾಡಿ ನಲವತ್ತು ನಿಮಿಷ ಮಾತಾಡಿದರು. ಲೈಸೆನ್ಸಿನ ಪ್ರತಿ, ಮೂರು ತಿಂಗಳ ಬ್ಯಾಂಕ್ ವಿವರ, ಅಂಗಡಿಯ ಒಳಗಿನ ಹೊರಗಿನ ಫೋಟೊ, ಹಣ ಮರಳಿಸುವ ನಿಯಮ ಎಲ್ಲ ಕೇಳಿದರು. ಆನ್‌ಲೈನ್ ಮಾರಾಟವನ್ನು ಯಾವ ಹಂತದಲ್ಲಿ ತಡೆಯಬಲ್ಲಿರಿ, ಕದ್ದ ಕಾರ್ಡನ್ನು ಹೇಗೆ ಗುರುತಿಸುತ್ತೀರಿ, ಬಾಗಿಲ ಮೇಲಿನ ಫಲಕ ಏನು. ಕೊನೆಯ ಪ್ರಶ್ನೆಗೆ ಉತ್ತರಿಸುವಾಗ ನನ್ನ ಗಂಟಲು ಕಟ್ಟಿತು. ಎರಡು ತಿಂಗಳಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು.

ಒಪ್ಪಿದರು. ಮೊದಲಿನ ಕಂಪನಿ ನೂರಕ್ಕೆ 2.6 ತೆಗೆದುಕೊಳ್ಳುತ್ತಿತ್ತು, ಇವರದ್ದು 3.75, ಜೊತೆಗೆ ತಿಂಗಳ ಬಾಡಿಗೆ. ಮೊದಲ ಆರು ತಿಂಗಳು ಪ್ರತಿ ಮಾರಾಟದ ಹತ್ತನೇ ಒಂದು ಭಾಗ ಅವರ ಹತ್ತಿರ ಮೀಸಲು. ನನ್ನ ಅಂಗಡಿಯಲ್ಲಿ ಹೊಸ ರೈಫಲ್ ಒಂದಕ್ಕೆ ಸಿಗುವ ಲಾಭ ನೂರಕ್ಕೆ ಹತ್ತು ಹನ್ನೆರಡು. ಅದರಲ್ಲಿ ಮೂರನೇ ಒಂದು ಪಾಲು ಕಾರ್ಡಿಗೇ ಹೋಗುತ್ತದೆ. ಆದರೂ ಸಹಿ ಹಾಕುವ ಮೊದಲು ಇಪ್ಪತ್ತೆರಡು ಪುಟಗಳನ್ನೂ ಓದಿದೆ, ಹೆಂಡತಿಯೂ ಓದಿದಳು. ಅವಳ ಸಂಗೀತದ ಫೀಸಿಗೆ ಈಗ ಬೇರೆ ಬ್ಯಾಂಕಿನಲ್ಲಿ ಬೇರೆ ಖಾತೆ.

2023ರ ಮೇ 9ಕ್ಕೆ 180 ದಿನ ತುಂಬುವುದಿತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆ. ಅದೇ ವಾರ, ಮೇ 10ಕ್ಕೆ, ಕರ್ನಾಟಕದಲ್ಲಿ ವಿಧಾನಸಭೆ ಚುನಾವಣೆ. ಚುನಾವಣೆ ಬಂತೆಂದರೆ ಮಲೆನಾಡಿನ ಕೋವಿಗಳು ಸಾಮಾನ್ಯವಾಗಿ ಪೊಲೀಸ್ ಠಾಣೆ ಸೇರಬೇಕು. ಅಪ್ಪಯ್ಯ ಏಪ್ರಿಲ್‌ನಲ್ಲೇ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಹೋಗಿ, ಸಾಲಿನಲ್ಲಿ ನಿಂತು ಇಟ್ಟು ಬಂದಿದ್ದರು. ಎಂಬತ್ತೆರಡು ವರ್ಷ ಅವರಿಗೆ. ಹಂದಿ ಬಂದರೆ ಏನು ಮಾಡುತ್ತೀರಿ ಎಂದು ಫೋನಿನಲ್ಲಿ ಕೇಳಿದರೆ, ಡಬ್ಬ ಬಡಿಯುವುದು ಅಂದರು.

ನನ್ನ ಹಣದ ವಿಷಯ ಅವರಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಅವತ್ತು ಹೇಳಿದೆ. ಅವರು ಬಹಳ ಹೊತ್ತು ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ರಸೀದಿ ಕೊಟ್ಟಿದ್ದಾರಾ?"

ಇಲ್ಲ ಅಂದೆ.

"ನಮ್ಮಲ್ಲಿ ಕೊಡ್ತಾರೆ. ಕೋವಿ ನಂಬರು, ಲೈಸೆನ್ಸ್ ನಂಬರು, ತಗೊಂಡವರ ಸಹಿ, ತಾರೀಕು. ಎಲ್ಲ ಬರ್ದು ಕೊಡ್ತಾರೆ." ರಸೀದಿ ತರಲು ಒಳಗೆ ಹೋದರು. ಕನ್ನಡಕ ಹುಡುಕಿದ್ದು, ಪೆಟ್ಟಿಗೆಯ ಮುಚ್ಚಳ ತೆಗೆದದ್ದು ಫೋನಿನಲ್ಲಿ ಕೇಳಿಸಿತು. ವಾಪಸ್ ಬಂದು ನಂಬರುಗಳನ್ನೆಲ್ಲ ನನಗೆ ಓದಿ ಹೇಳಿದರು.

ಮೇ 11ರ ಬೆಳಿಗ್ಗೆ ನನ್ನ ಬ್ಯಾಂಕ್ ಖಾತೆಗೆ 11,640 ಡಾಲರ್ ಬಂದು ಬಿದ್ದಿತ್ತು. ಮೇಲ್ ಏನೂ ಇರಲಿಲ್ಲ. ಫಲಿತಾಂಶ ಬಂದು ವಾರ ಕಳೆದ ಮೇಲೆ ಅಪ್ಪಯ್ಯ ಠಾಣೆಗೆ ಹೋಗಿ, ರಸೀದಿ ಕೊಟ್ಟು, ಕೋವಿ ತಂದರು. ನಳಿಗೆಗೆ ಒಂದಿಷ್ಟು ತುಕ್ಕು ಹತ್ತಿದೆಯಂತೆ. ಯಾವ ಎಣ್ಣೆ ಹಾಕಿ ಉಜ್ಜಲಿ ಎಂದು ಕೇಳಿದರು.